ಹುಬ್ಬಿನಿಂದ ಕೂದಲಿನವರೆಗೆ

ನನ್ನ ತಲೆ ಬೋಳು. ಮೊದಲೇ ಹೇಳಿಬಿಡುತ್ತೇನೆ. ಈಗ ಮುದುಕನಾದ ಮೇಲೆ ಯಾರೂ ಅದರ ಬಗ್ಗೆ ಕೇಳುವುದಿಲ್ಲ. ಆದರೆ ನನ್ನದು ಇಪ್ಪತ್ತೆರಡಕ್ಕೇ ಬಯಲಾಗಲು ಶುರುವಾಯಿತು, ಇಪ್ಪತ್ತನಾಲ್ಕಕ್ಕೆ ನೆತ್ತಿ ಮುಟ್ಟಿತು. ಅದಕ್ಕೆ ನನಗೆ ಅಂದೂ ಇಂದೂ ನಾಚಿಕೆ ಇಲ್ಲ. ಕೂದಲು ಬೆಳೆಸುತ್ತೇನೆ ಎಂದು ಹೊರಟು ಆರು ತಿಂಗಳು ಹಣೆ ಅಳೆದುಕೊಂಡು ಕೂತೆನಲ್ಲ, ಅದಕ್ಕೆ ಮಾತ್ರ ಇದೆ.

ಎರಡನೇ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷ ಇತ್ತು. ಆಗ ನಮ್ಮ ಆದೋನಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಊರಲ್ಲಿ ಹತ್ತಿ ಬಿಟ್ಟರೆ ಬೇರೆ ಮಾತಿಲ್ಲ. ನಮ್ಮಪ್ಪ ನಾನು ಚಿಕ್ಕವನಿದ್ದಾಗಲೇ ಹೋಗಿದ್ದರು. ಅವ್ವ ಮತ್ತು ನಾನು ಇಬ್ಬರೇ. ನಾನು ಒಬ್ಬ ಹತ್ತಿ ವ್ಯಾಪಾರಿಯ ಅಂಗಡಿಯಲ್ಲಿ ಅರಳೆಯ ಎಳೆ ನೋಡುವ ಕೆಲಸ ಮಾಡುತ್ತಿದ್ದೆ. ಹತ್ತಿ ತುಂಬಿದ ಅಂಡಿಗೆಯೊಳಗಿಂದ ಒಂದು ಚಿಟಿಕೆ ಅರಳೆ ಕಿತ್ತು, ಎರಡೂ ಕೈಯ ಹೆಬ್ಬೆರಳಲ್ಲಿ ಹಿಡಿದು ಎಳೆಯಬೇಕು. ಎಳೆದದ್ದನ್ನು ಕರಿ ಕಂಬಳಿಯ ತುಂಡಿನ ಮೇಲೆ ಹಾಸಿ, ಎಳೆ ಎಷ್ಟುದ್ದ, ಎಷ್ಟು ಗಟ್ಟಿ ಎಂದು ಹೇಳಬೇಕು. ನನ್ನ ಬೆರಳು ಸುಳ್ಳು ಹೇಳುವುದಿಲ್ಲ ಎಂದು ಮಾರ್ಕೆಟ್ಟಿನಲ್ಲಿ ಹೆಸರಿತ್ತು. ಆ ಹೆಸರಿನ ಜಂಬವೂ ಇತ್ತು.

ಅಲ್ಲಿಯವರೆಗೆ ನಮ್ಮ ಕಡೆ ಗಂಡಸರಿಗೆ ತಲೆಯೇ ಇರಲಿಲ್ಲ ಎನ್ನಬೇಕು, ರುಮಾಲಷ್ಟೇ ಇತ್ತು. ಎದ್ದಾಗ ಸುತ್ತಿದರೆ ಮಲಗುವಾಗ ಬಿಚ್ಚುವುದು. ಒಬ್ಬ ಗಂಡಸಿನ ಬರಿ ತಲೆ ಕಂಡವರೆಂದರೆ ಕ್ಷೌರದವನು ಮತ್ತು ಹೆಂಡತಿ. ಕ್ಷೌರದವನು ಒಂದು ತಲೆಯ ಸುದ್ದಿ ಇನ್ನೊಂದು ತಲೆಗೆ ಹೇಳುವುದಿಲ್ಲ, ಅದು ಅವನ ಕಸುಬಿನ ಮರ್ಯಾದೆ. ಹೆಂಡತಿ ಹೇಳುವ ಪ್ರಶ್ನೆಯೇ ಇಲ್ಲ. ನಮ್ಮ ವಯಸ್ಸಿನ ಹುಡುಗರು ಬಂದೆವು ನೋಡಿ, ಮದ್ರಾಸಿನ ಗಾಳಿ ಬೀಸಿತು, ಕ್ರಾಪು ಬಿಟ್ಟು ಎಣ್ಣೆ ಹಚ್ಚಿ ಬೈತಲೆ ತೆಗೆದು ಬರಿ ತಲೆಯಲ್ಲಿ ತಿರುಗಲು ಶುರು ಮಾಡಿದೆವು. ನನ್ನ ದುರದೃಷ್ಟ, ತಲೆ ತೋರಿಸುವ ಕಾಲ ಬಂದಾಗ ತಲೆಯಲ್ಲಿ ಕೂದಲಿರಲಿಲ್ಲ. ಇದ್ದದ್ದನ್ನೇ ಎಡಗಡೆಯಿಂದ ಬಲಗಡೆಗೆ ಎಳೆದು ಅಂಟಿಸಿ ಕಾಲ ಕಳೆಯುತ್ತಿದ್ದೆ.

ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಪೆದ್ದಹರಿವಾಣದಲ್ಲಿ ಎರೆಹೊಲ ಇದ್ದ ದೊಡ್ಡ ಕುಳ. ಅವರ ಮಗಳು ನನಗೇ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಆ ಕಾಲದಲ್ಲಿ ಇದು ದೊಡ್ಡ ಸಂಗತಿಯಲ್ಲ. ಆದರೆ ನನಗೆ ದೊಡ್ಡದು, ಯಾಕೆಂದರೆ ಮಾತು ಹಿರಿಯರದ್ದಾದರೂ ಆಸೆ ನನ್ನದೇ ಆಗಿತ್ತು. ಅವಳು ನಕ್ಕರೆ ಬಾಯಿಗೆ ಸೆರಗು ಹಿಡಿಯುತ್ತಿರಲಿಲ್ಲ. ಅವಳನ್ನು ಬಿಟ್ಟು ಬೇರೆ ಹೆಣ್ಣಿನ ಯೋಚನೆ ನನಗೆ ಬಂದದ್ದೇ ಇಲ್ಲ. ಅವಳಿಗೆ ಹದಿನೆಂಟು ತುಂಬಿತ್ತು, ಆಗಿನ ಲೆಕ್ಕಕ್ಕೆ ಅದು ತಡವೇ.

ಆ ದಸರೆಗೆ ಮಾವ ಬನ್ನಿ ಕೊಡಲು ಆದೋನಿಗೆ ಬಂದರು. ನಾನು ಬನ್ನಿ ಎಲೆ ಕೈಗಿಟ್ಟು ಕಾಲಿಗೆ ಬೀಳಲು ಬಗ್ಗಿದೆ. ಅಂಟಿಸಿದ ಕೂದಲು ಮುಂದಕ್ಕೆ ಜಾರಿತು. ನೆತ್ತಿ ಪೂರ್ತಿ ಅವರ ಕಣ್ಣೆದುರಿಗೆ ಬಂತು. ಆಶೀರ್ವಾದಕ್ಕೆ ಎತ್ತಿದ ಕೈ ಹಾಗೇ ನಿಂತಿತು.

"ತಂಗೀ, ಈತನ ನೆತ್ತಿ ನೋಡೀಯೇನು?" ಎಂದರು ಅವ್ವನಿಗೆ. "ಈ ವಯಸ್ಸಿಗೆ ಹಿಂಗ ಬಯಲಾಗೈತಿ ಅಂದ್ರ ರಕ್ತದಾಗ ಏನೋ ಕೆಟ್ಟೈತಿ. ಮಾರ್ಕೆಟ್ಟಿನ ಹುಡುಗ್ರು ಎಲ್ಲೆಲ್ಲಿ ತಿರುಗ್ತಾರೋ ಯಾರಿಗೆ ಗೊತ್ತು. ಗರ್ಮಿ ಆಗಿದ್ರ?"

ಗರ್ಮಿ ಎಂದರೆ ಕೆಟ್ಟ ಹೆಂಗಸರ ಮನೆಗೆ ಹೋದವರಿಗೆ ಹತ್ತುವ ರೋಗ. ಅದನ್ನು ಅವ್ವನ ಎದುರಿಗೆ ಹೇಳಿದರು. ಅವ್ವ ಕಣ್ಣು ಕೆಳಗೆ ಹಾಕಿದಳು. ನನ್ನ ಮೈಯೆಲ್ಲ ಉರಿಯಿತು. "ಮಾವ, ನಾನು ಅಂಥಾವ ಅಲ್ಲ" ಎಂದೆ.

"ಅಲ್ಲ ಅಂದ್ರ ಕೂದಲು ಬರ್ಲಿ. ಉಗಾದಿತನಕ ನೋಡ್ತೀನಿ. ನೀವು ಸ್ಯಾಂಪಲ್ ನೋಡ್ಲಾರ್ದ ಹತ್ತಿ ತಗೊಳ್ಳೋದಿಲ್ಲ, ನಾನೂ ಸ್ಯಾಂಪಲ್ ನೋಡ್ಲಾರ್ದ ಮಗಳ್ನ ಕೊಡೋದಿಲ್ಲ. ತಿಂಗಳಿಗೊಮ್ಮೆ ಎಷ್ಟು ಬಂತು ಅಂತ ಹೇಳಿ ಕಳಸ್ರಿ."

ಮರುದಿನವೇ ಇಂಗ್ಲಿಷ್ ಡಾಕ್ಟರ ಹತ್ತಿರ ಹೋದೆ. ಅವರು ತೆಲುಗಿನವರು, ನಗುಮುಖದವರು. ಮೈಯೆಲ್ಲ ನೋಡಿ, "ನಿನಗ್ಯಾವ ರೋಗಾನೂ ಇಲ್ಲ. ಇದಿ ವಂಶಂ, ಅಂತೇ" ಎಂದರು, ವಂಶದಿಂದ ಬಂದದ್ದು, ಅಷ್ಟೇ ಎಂದು. ಗರ್ಮಿಯ ಮಾತು ತೆಗೆದೆ. "ಬೋಡಿಗುಂಡುಕೂ ಮೋಕಾಲಿಕೀ ಮುಡಿ ಪೆಟ್ಟಿನಟ್ಟು!" ಎಂದು ಗಟ್ಟಿಯಾಗಿ ನಕ್ಕರು. ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕುವ ಆ ತೆಲುಗು ಗಾದೆ ಅಷ್ಟು ಸರಿಯಾಗಿ ಕೂತದ್ದನ್ನು ನಾನು ಮತ್ತೆ ಕಂಡಿಲ್ಲ. ಆಮೇಲೆ, "ನಿಮ್ಮ ಹಿರಿಯರೊಳಗೆ ಯಾರಿಗಿತ್ತು ಹಿಂಗೆ?" ಎಂದು ಕೇಳಿದರು. ನಾನು ಯಾರ ತಲೆಯನ್ನೂ ನೋಡಿಲ್ಲ ಎಂದೆ. "ರುಮಾಲು ತೆಗೆದು ನೋಡು" ಎಂದರು. ತೆಗೆದು ನೋಡುವುದಂತೆ! ನಮ್ಮ ಕಡೆ ಒಬ್ಬರ ರುಮಾಲಿಗೆ ಕೈ ಹಾಕಿದರೆ ಕೊಡಲಿ ಹೊರಗೆ ಬರುತ್ತದೆ. ರೋಗವಿಲ್ಲವೆಂದು ಒಂದು ಚೀಟಿ ಬರೆಸಿಕೊಂಡು ಮಾವನಿಗೆ ಕಳಿಸಿದೆ. "ಕಾಗದದ ಮ್ಯಾಲ ಕೂದಲು ಬೆಳಿತಾವೇನು?" ಎಂದು ವಾಪಸು ಬಂತು.

ಸರಿ, ಬೆಳೆಸಿಯೇ ತೋರಿಸುತ್ತೇನೆ ಎಂದು ಹಟ ಹಿಡಿದೆ. ಕಸುಬುದಾರನಲ್ಲವೇ, ಅಳತೆಯಿಲ್ಲದೆ ಹೇಗೆ? ಅವ್ವ ಮನೆಯಲ್ಲಿ ನೂತ ಕೈನೂಲು ಇತ್ತು. ಅದರಲ್ಲಿ ಒಂದು ಗೇಣಿನ ದಾರ ತೆಗೆದು ಎರಡು ಗಂಟು ಹಾಕಿದೆ. ಕೆಳಗಿನ ಗಂಟು ಎರಡು ಹುಬ್ಬಿನ ನಡುವೆ ನಿಲ್ಲಬೇಕು, ಮೇಲಿನ ಗಂಟು ಕೂದಲು ಶುರುವಾಗುವ ಕಡೆ. ಸೋಮವಾರಕ್ಕೊಮ್ಮೆ ಪೂಜೆ ಮುಗಿಸಿ, ಕನ್ನಡಿಯ ಮುಂದೆ ಕೂತು ಈ ದಾರ ಬಿಗಿಯಾಗಿ ಎಳೆದು ಹಿಡಿಯುವುದು. ಕೂದಲು ಮುಂದೆ ಬಂದರೆ ಮೇಲಿನ ಗಂಟು ಕೂದಲೊಳಗೆ ಹೋಗುತ್ತದೆ, ಹಿಂದೆ ಸರಿದರೆ ಬರಿ ಹಣೆಯ ಮೇಲೆ ಉಳಿಯುತ್ತದೆ. ಸಾಕ್ಷಿಗೆ ಅಂತ ಅದೇ ಅಳತೆಯ ಇನ್ನೊಂದು ದಾರ ಮಾಡಿ ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ದೇವರ ಜಗಲಿಯ ಮೇಲಿನ ಡಬ್ಬಿಯಲ್ಲಿಟ್ಟಳು.

ಇನ್ನು ಉದುರಿದ್ದರ ಲೆಕ್ಕ. ಅರಳೆ ಬೆಳ್ಳಗಿರುವುದರಿಂದ ಅಂಗಡಿಯಲ್ಲಿ ಕರಿ ಕಂಬಳಿ. ಕೂದಲು ಕರ್ರಗಿರುವುದರಿಂದ ಮನೆಯಲ್ಲಿ ಬಿಳಿ ಧೋತರದ ತುಂಡು. ಅದನ್ನು ತೊಡೆಯ ಮೇಲೆ ಹಾಸಿ ತಲೆ ಬಾಚಿ ಬಿದ್ದದ್ದನ್ನು ಎಣಿಸುವುದು. ಒಂದು ವಹಿಯೂ ಇಟ್ಟಿದ್ದೆ. ಅದರಲ್ಲಿ ಅಂಗಡಿಯ ಸ್ಯಾಂಪಲ್ ಬರೆಯುವ ಹಾಗೇ ಬರೆಯುತ್ತಿದ್ದೆ: ಎಳೆ ಗಿಡ್ಡ, ಬಲ ಕಡಿಮೆ, ಬಣ್ಣ ಒಳ್ಳೆಯದು. ನನ್ನ ತಲೆಯ ಮಾಲನ್ನು ನಾನೇ ಮೂರನೇ ದರ್ಜೆಗೆ ಇಳಿಸಿದ್ದೆ.

ಔಷಧವೂ ಕಡಿಮೆಯಿರಲಿಲ್ಲ. ಮೊದಲು ಗರಗದ ಸೊಪ್ಪು ಕುದಿಸಿದ ಹರಳೆಣ್ಣೆ. ಅದು ತಲೆಯಿಂದ ಇಳಿದು ಅಂಗಿಯ ಕಾಲರಿಗೆ ಬಂದು, ಅಂಗಡಿಯಲ್ಲಿ ನಾನು ಕೂತ ಕಡೆ ನೊಣ ಬರುತ್ತಿದ್ದವು. ಆಮೇಲೆ ಉಳ್ಳಾಗಡ್ಡಿಯ ರಸ. ಅದರ ನಾತಕ್ಕೆ ನೊಣವೂ ಬರಲಿಲ್ಲ. ಮದ್ರಾಸಿನಿಂದ ವಿ.ಪಿ. ಅಂಚೆಯಲ್ಲಿ ಒಂದು ಶೀಷೆ ತೈಲ ತರಿಸಿದೆ. ಅದರ ಮೇಲೆ ಒಬ್ಬನದೇ ಎರಡು ಚಿತ್ರವಿದ್ದವು, ಮೊದಲು ಬೋಳು, ಆಮೇಲೆ ದಟ್ಟ ಕಾಡು. ನನಗೆ ಅವರಿಬ್ಬರೂ ಅಣ್ಣತಮ್ಮಂದಿರಂತೆ ಕಂಡರು. ಕೊನೆಗೆ ಕೋಟೆಯ ಕೆಳಗಿನ ಹಕೀಮರ ಹತ್ತಿರ ಹೋದೆ. ಅವರು ತಲೆ ಪೂರಾ ಬೋಳಿಸಿಕೊಂಡು ಬಾ ಎಂದು ಹೇಳಿ, ಗುಲಗಂಜಿ ಅರೆದ ಲೇಪ ಹಚ್ಚಿದರು. "ಜಲೇಗಾ ಬೇಟಾ, ಸಬರ್ ಮಾಡು" ಎಂದರು. ಉರಿಯಿತು. ಬೊಬ್ಬೆ ಎದ್ದವು. ಬೊಬ್ಬೆ ಆರಿದ ಮೇಲೆ ಕೂದಲು ಮೊಳೆಯಿತು, ಎಲ್ಲಿ ಮೊದಲಿತ್ತೋ ಅಲ್ಲಿ ಮಾತ್ರ. ಅಲ್ಲಿಯವರೆಗೆ ಮಸುಕಾಗಿದ್ದ ಎಲ್ಲೆ ಈಗ ಹೊಲದ ಬದುವಿನಷ್ಟು ಸ್ಪಷ್ಟವಾಯಿತು. ನಾನೂ ರುಮಾಲು ಸುತ್ತಲು ಶುರು ಮಾಡಿದ್ದು ಆವಾಗ.

ಆದರೆ ದಾರ ಬೇರೆಯೇ ಮಾತು ಹೇಳುತ್ತಿತ್ತು. ಎರಡನೇ ತಿಂಗಳಲ್ಲಿ ಮೇಲಿನ ಗಂಟು ಕೂದಲಿನ ಅಂಚಿಗಿಂತ ಎಳ್ಳುಕಾಳಿನಷ್ಟು ಒಳಗೆ ಹೋಯಿತು. ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡಿದೆ, ಹೌದು, ಒಳಗೇ ಇತ್ತು. ಕೂಗಿ ಅವ್ವನನ್ನು ಕರೆದು ತೋರಿಸಿದೆ. ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಮಾವನಿಗೆ ಹೇಳಿ ಕಳಿಸಿದೆವು: ಎಳ್ಳಿನಷ್ಟು ಬಂದೈತಿ. ಸಂಕ್ರಾಂತಿ ದಾಟಿದ ಮೇಲೆ ಸಜ್ಜೆಕಾಳಿನಷ್ಟು. ಶಿವರಾತ್ರಿಯ ಹೊತ್ತಿಗೆ ಭರ್ತಿ ಜೋಳದ ಕಾಳಿನಷ್ಟು! ಕನ್ನಡಿಯಲ್ಲಿ ಮಾತ್ರ ಹಣೆ ಮೊದಲಿನಷ್ಟೇ ಅಗಲ ಕಾಣುತ್ತಿತ್ತು, ಬಿಳಿ ಬಟ್ಟೆಯ ಮೇಲೆ ಮೊದಲಿನಷ್ಟೇ ಉದುರುತ್ತಿತ್ತು. ಆದರೆ ಕಣ್ಣು ಮೋಸ ಮಾಡಬಹುದು, ಅಳತೆ ಮಾಡುವುದಿಲ್ಲ ಎಂದುಕೊಂಡೆ. ಮಾವ ಖುಷಿಯಾದರು. ಉಗಾದಿಯಾದ ಮೇಲಿನ ಸೋಮವಾರ ಎಲೆ-ಅಡಿಕೆ ಶಾಸ್ತ್ರ ಮಾಡಿ ಮದುವೆ ನಿಶ್ಚಯ ಮಾಡೋಣ ಎಂದು ಹೇಳಿ ಕಳಿಸಿದರು.

ಶಾಸ್ತ್ರಕ್ಕೆ ನಾಲ್ಕು ದಿನ ಇತ್ತು. ಅಂಗಡಿಯಲ್ಲಿ ನನಗೆ ಕೆಲಸ ಕಲಿಸಿದ ಮುದುಕರೊಬ್ಬರಿದ್ದರು, ಸಾಬರು, ನಲವತ್ತು ವರ್ಷ ಅರಳೆ ಎಳೆದ ಕೈ. ನಾನು ಸಂತೋಷ ತಡೆಯಲಾರದೆ ಕಿಸೆಯಿಂದ ದಾರ ತೆಗೆದು ಅವರಿಗೆ ಎಲ್ಲ ಹೇಳಿದೆ. ಅವರು ದಾರವನ್ನು ಬೆರಳಲ್ಲಿ ಹೊರಳಿಸಿ, ಮೂಸಿ ನೋಡಿ, ನನ್ನ ಮುಖ ನೋಡಿದರು.

"ಅರೆ ಬೇಟಾ, ಇದು ಕೈನೂಲು. ಹುರಿ ಸಡ್ಲ ಐತಿ. ಎಣ್ಣಿ ಕುಡದೈತಿ. ವಾರಾ ವಾರಾ ಜಗ್ಗಿ ಹಿಡದೀಯ. ಇದು ಉದ್ದ ಆಗ್ದ ಇರ್ತದೇನು?"

ನಾನು ಮನೆಗೆ ಓಡಿದೆ. ಜಗಲಿಯ ಡಬ್ಬಿಯಿಂದ ಸಾಕ್ಷಿಯ ದಾರ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟೆ. ನನ್ನ ದಾರ ಒಂದು ಜೋಳದ ಕಾಳಿನಷ್ಟು ಉದ್ದವಾಗಿತ್ತು, ಮೇಲೆ ಇನ್ನಿಷ್ಟು. ಮುಟ್ಟದ ದಾರವನ್ನು ಹಣೆಗೆ ಹಿಡಿದೆ. ಮೇಲಿನ ಗಂಟು ಬರಿ ಚರ್ಮದ ಮೇಲೆ ಕೂತಿತು. ಆರು ತಿಂಗಳಲ್ಲಿ ಕೂದಲು ಮುಂದೆ ಬರುವುದಿರಲಿ, ಎಳ್ಳಿನಷ್ಟು ಹಿಂದೆ ಹೋಗಿತ್ತು.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ದಿನ ಬೆಳಗಾದರೆ ಎಳೆ ಎಳೆದು, ಯಾವುದು ಹಿಗ್ಗುತ್ತದೆ ಯಾವುದು ತುಂಡಾಗುತ್ತದೆ ಎಂದು ಊರಿಗೆಲ್ಲ ಹೇಳುವ ನಾನು, ನನ್ನ ಕೈಯಲ್ಲಿದ್ದ ದಾರ ಹಿಗ್ಗಿದ್ದನ್ನು ನೋಡಲಿಲ್ಲ. ಯಾಕೆಂದರೆ ಅದು ನನಗೆ ಬೇಕಾದ ಮಾತು ಹೇಳುತ್ತಿತ್ತು. ಅದೇ ದಾರ ಕುಗ್ಗಿದ್ದರೆ ಮೊದಲ ಸೋಮವಾರವೇ ಅನುಮಾನ ಬರುತ್ತಿತ್ತು.

ಅವ್ವ ಎರಡೂ ದಾರ ನೋಡಿದಳು. "ಯಾರಿಗೂ ಹೇಳಬ್ಯಾಡ" ಎಂದಳು. "ರುಮಾಲು ಸ್ವಲ್ಪ ಕೆಳಗ ಇಳಿಸಿ ಸುತ್ತು. ಶಾಸ್ತ್ರದಾಗ ಯಾರು ಬಿಚ್ಚಿ ನೋಡ್ತಾರ? ಒಮ್ಮಿ ತಾಳಿ ಕಟ್ಟಿದ ಮ್ಯಾಲ ಕೂದಲು ಇದ್ರೇನು, ಬಿಟ್ರೇನು."

"ಅಂಡಿಗೆ ಮ್ಯಾಲ ಒಳ್ಳೆ ಅರಳೆ ಇಟ್ಟು ಒಳಗ ಕಸ ತುಂಬಿದಂಗ ಆಗ್ತೈತಿ ಅವ್ವಾ" ಎಂದೆ.

"ಹುಡುಗಿ ಕೈ ತಪ್ಪಿ ಹೋದ್ರ?"

ಆ ಹೆದರಿಕೆ ನನಗೂ ಇತ್ತು. ಆದರೆ ಜೀವಮಾನವಿಡೀ ಮಾವನ ಎದುರಿಗೆ ರುಮಾಲು ಹಿಡಿದುಕೊಂಡು ಬದುಕುವುದು ಅದಕ್ಕಿಂತ ಕೆಟ್ಟದಾಗಿ ಕಂಡಿತು. ಮೊದಲಿನಿಂದಲೂ ನಾನು ತಪ್ಪು ಮಾಡಿದವನಂತೆ ಓಡಾಡಿದ್ದೆ. ಯಾವ ತಪ್ಪು? ಕೂದಲು ಉದುರುವುದೂ ಒಂದು ತಪ್ಪೇ?

ಆಗ ಡಾಕ್ಟರ ಮಾತು ನೆನಪಾಗಿ ಕೇಳಿದೆ: "ಅವ್ವಾ, ತಾತನ ತಲಿ ಹೆಂಗಿತ್ತು?"

ಅವ್ವ ದಾರಗಳನ್ನು ಬೆರಳಿಗೆ ಸುತ್ತುತ್ತ ಕೂತಳು. "ನಮ್ಮಪ್ಪನ ಬರಿ ತಲಿ ನಾ ನೋಡಿದ್ದು ಒಂದ ಸಲ" ಎಂದಳು. "ಆತ ಸತ್ತ ದಿನ, ಮೈ ತೊಳಿಸುವಾಗ." ದಾರ ಬಿಚ್ಚಿ ಕೆಳಗಿಟ್ಟು, "ಥೇಟ್ ನಿನ್ನಂಗ ಇತ್ತು" ಎಂದಳು.

ನಾನು ಎದ್ದು ಕುಣಿಯಬೇಕೆನ್ನುವಷ್ಟರಲ್ಲಿ ಆಕೆ ನನ್ನ ಕೈ ಹಿಡಿದಳು. ಸತ್ತವರ ತಲೆಯನ್ನು ನಾಲ್ಕು ಜನರ ನಡುವೆ ಬಿಚ್ಚಬಾರದು ಎಂದು ಆಣೆ ಹಾಕಿಸಿಕೊಂಡಳು. ಅಂದರೆ ನನ್ನ ಬೋಳು ಮಾವನ ಮನೆಯಿಂದಲೇ ಬಂದ ಆಸ್ತಿ, ಮತ್ತು ಅದನ್ನು ನಾನು ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಸಿಟ್ಟಿನಲ್ಲೂ ನಗು ಬಂತು.

ಸೋಮವಾರ ಬಂಡಿ ಕಟ್ಟಿಕೊಂಡು ಪೆದ್ದಹರಿವಾಣಕ್ಕೆ ಹೋದೆವು. ಪಡಸಾಲೆಯ ತುಂಬ ಜಮಖಾನೆ ಹಾಸಿದ್ದರು. ಹತ್ತು ಹನ್ನೆರಡು ಜನ ಹಿರಿಯರು, ಹತ್ತು ಹನ್ನೆರಡು ರುಮಾಲು. ನಡುವೆ ತಟ್ಟೆಯಲ್ಲಿ ಎಲೆ-ಅಡಿಕೆ, ಕೊಬ್ಬರಿ, ಸೀರೆ. ಹೆಂಗಸರು ಒಳಬಾಗಿಲ ಹತ್ತಿರ ನಿಂತಿದ್ದರು. ಮಾವ ದೊಡ್ಡ ದನಿಯಲ್ಲಿ, "ನಮ್ಮ ಅಳಿಯಾಗ ಈಗ ಜೋಳದ ಕಾಳಿನಷ್ಟು ಕೂದಲು ಬಂದೈತಿ ನೋಡ್ರಿ" ಎಂದು ನನ್ನ ತಲೆಯ ವರದಿ ಒಪ್ಪಿಸಿದರು. ಎಲ್ಲರೂ ಸಂತೆಯಲ್ಲಿ ಎತ್ತಿನ ಹಲ್ಲಿನ ಲೆಕ್ಕ ಕೇಳಿದಂತೆ ತಲೆಯಾಡಿಸಿದರು. ಅದೇ ಗಳಿಗೆಯಲ್ಲಿ ನನ್ನ ಹೆದರಿಕೆ ಹೋಯಿತು.

"ಬಂದಿಲ್ಲ ಮಾವ" ಎಂದೆ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಅಷ್ಟು ಜನರ ನಡುವೆ ಒಬ್ಬ ಗಂಡಸು ತಾನಾಗಿ ತಲೆ ಬಿಚ್ಚಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಒಬ್ಬರು "ಶಿವ ಶಿವಾ" ಎಂದರು. ನಾನು ದಾರ ಹಿಗ್ಗಿದ ಕಥೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ನಾ ಕಳಿಸಿದ ಸ್ಯಾಂಪಲ್ ತಪ್ಪು. ಅದಕ್ಕ ಮಾಫಿ ಕೇಳ್ತೀನಿ. ಈ ತಲಿಗೆ ಮಾತ್ರ ಕೇಳೋದಿಲ್ಲ. ಇದು ರೋಗ ಅಲ್ಲ. ಇದು ಇನ್ನಾ ಹಿಂದ ಹೋಗ್ತೈತಿ, ಪೂರಾ ಹೋಗ್ತೈತಿ. ಇನ್ನ ಮ್ಯಾಲ ನಾ ಇದನ್ನ ಅಳೆಯೋದೂ ಇಲ್ಲ, ಮುಚ್ಚೋದೂ ಇಲ್ಲ. ಮಗಳ್ನ ಕೊಡ್ತೀರೋ ಬಿಡ್ತೀರೋ ನೋಡಿ ಹೇಳ್ರಿ."

ಮಾವನ ಮುಖ ಕೆಂಪಾಯಿತು. ಆದರೆ ಬಾಯಿ ತೆರೆಯುವ ಮೊದಲು ಕೈ ಎದ್ದಿತು, ಎದ್ದು ತಮ್ಮ ರುಮಾಲಿನ ಅಂಚನ್ನು ಗಟ್ಟಿ ಮಾಡಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾನು ಅದನ್ನು ನೋಡಿದೆ. ಆಣೆ ಇತ್ತು, ತುಟಿ ಕಚ್ಚಿಕೊಂಡೆ.

"ಏಮಿರಾ ಇದಿ! ಹಿರೇರ ಮುಂದ ಬರಿ ತಲಿ!" ಎಂದು ಮಾವ ಗುಡುಗಿದರು. "ಈ ತಲಿಗೆ ಯಾರು ಹೆಣ್ಣು ಕೊಡ್ತಾರ?"

ಒಳಬಾಗಿಲಿಂದ ಅತ್ತೆಯ ದನಿ ಬಂತು. ಅತ್ತೆ ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ನಮ್ಮಪ್ಪ ಕೊಟ್ಟಿದ್ದ" ಎಂದರು.

ಹತ್ತು ಹನ್ನೆರಡು ರುಮಾಲು ಮಾವನ ರುಮಾಲಿನ ಕಡೆ ತಿರುಗಿದವು. "ಒಳಗ ಹೋಗು" ಎಂದರು ಮಾವ, ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

"ಹೋಗ್ತೀನಿ. ಇಪ್ಪತ್ತೈದು ವರ್ಷ ನಿಮ್ಮ ಕೂಡ ಬಾಳೀನಿ, ನನಗ ಯಾವ ಬ್ಯಾನಿನೂ ಹತ್ತಿಲ್ಲ. ನನ್ನ ಮಗಳಿಗೂ ಹತ್ತೋದಿಲ್ಲ. ಎಲಿ-ಅಡಿಕಿ ಕೊಡ್ರಿ."

ಒಬ್ಬ ಹಿರಿಯರಿಗೆ ಕೆಮ್ಮು ಬಂತು, ಅದು ಎಲ್ಲರಿಗೂ ಅಂಟಿತು. ಮಾವ ಮೇಲೆ ನೋಡಿದರು, ಕೆಳಗೆ ನೋಡಿದರು, ಕೊನೆಗೆ ತಟ್ಟೆಯನ್ನು ನನ್ನ ಕಡೆ ದೂಡಿದರು. ಅತ್ತೆಯ ಹಿಂದೆ ನಿಂತು, "ಹೇಳವ್ವಾ, ಈಗ ಹೇಳು" ಎಂದು ಸೆರಗು ಹಿಡಿದು ಜಗ್ಗಿದವಳು ಯಾರು ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಇವತ್ತಿಗೂ ಆಕೆ ಅದನ್ನು ತಿಂಗಳಿಗೊಮ್ಮೆ ನೆನಪು ಮಾಡುತ್ತಾಳೆ, ನಾನು ಹೌದೌದು ಎನ್ನುತ್ತೇನೆ.

ಮಾವ ಒಂದು ಷರತ್ತು ಮಾತ್ರ ಬಿಡಲಿಲ್ಲ. ಮದುವೆಯ ದಿನವಾದರೂ ರುಮಾಲು ಸುತ್ತಿಕೋ, ಬೀಗರು-ನೆಂಟರು ಬಂದಿರುತ್ತಾರೆ, ಮಾನ ಹೋಗುತ್ತದೆ ಎಂದು ಮೂರು ಸಲ ಹೇಳಿ ಕಳಿಸಿದರು. ಜರಿಯ ರುಮಾಲು ತಾವೇ ತಂದುಕೊಟ್ಟರು. ನಾನು ಅದನ್ನು ಹೆಗಲ ಮೇಲೆ ಹಾಕಿಕೊಂಡು ಬರಿ ತಲೆಯಲ್ಲಿ ಹಸೆಗೆ ಕೂತೆ. ಬಾಸಿಂಗ ಕಟ್ಟಲು ತಲೆಯಲ್ಲಿ ಹಿಡಿತವಿಲ್ಲದೆ ಅದು ಎರಡು ಸಲ ಮೂಗಿಗೆ ಇಳಿಯಿತು. ಜನ ನಕ್ಕರು. ಪಕ್ಕದಲ್ಲಿ ಕೂತವಳೂ ನಕ್ಕಳು, ಬಾಯಿಗೆ ಸೆರಗು ಹಿಡಿಯದೆ. ಮಾವ ನೆಲ ನೋಡುತ್ತ ನಿಂತಿದ್ದರು, ಅವರ ರುಮಾಲು ಕಿವಿಯ ತನಕ ಇಳಿದಿತ್ತು.

ತಾಳಿ ಕಟ್ಟಿದೆ. ವಾಲಗ ಜೋರಾಯಿತು. ನಾಲ್ಕೂ ಕಡೆಯಿಂದ ಅಕ್ಕಿಕಾಳು ಬಿದ್ದವು. ರುಮಾಲು ಸುತ್ತಿ ಮದುವೆಯಾದವರಿಗೆ ಇದು ಗೊತ್ತಿರುವುದಿಲ್ಲ, ಪಾಪ. ಹರಸಿದವರ ಒಂದೊಂದು ಕಾಳೂ ನೇರ ನನ್ನ ನೆತ್ತಿಗೇ ಬಿತ್ತು, ಒಂದೊಂದೂ ನನಗೆ ತಿಳಿಯಿತು.